ಅಮ್ಮನನ್ನು ಸಾಂಚಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ಅಲ್ಲಿ ಏನನ್ನು ಹೇಗೆ ನೋಡಬೇಕು?

ಬೀಟೆಮರ:

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನ ಮಂಡಿ ಮೊಹಲ್ಲಾದವರು. ದಸರಾ ಗಲಾಟೆ ಮುಗಿದ ಮೇಲೆ ಅಮ್ಮನನ್ನು ಸಾಂಚಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅಮ್ಮನಿಗೆ ಈಗ 68. ಶ್ರವಣಬೆಳಗೊಳದ ಬೆಟ್ಟ ಹತ್ತಿದ್ದು ಇಪ್ಪತ್ತು ವರ್ಷದ ಹಿಂದೆ. ಈಗ ಮಂಡಿ ನೋವು, ಮನೆ ಮಹಡಿ ಹತ್ತುವಾಗಲೂ ಎರಡು ಸಲ ನಿಲ್ಲುತ್ತಾರೆ.

ಈ ಆಸೆ ಹುಟ್ಟಿದ್ದು ಇನ್ನೂರು ರೂಪಾಯಿ ನೋಟಿನಿಂದ. ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನವರು ಚಿಲ್ಲರೆ ಕೊಟ್ಟಾಗ ಅಮ್ಮ ನೋಟು ತಿರುಗಿಸಿ ನೋಡಿ, “ಇದು ಯಾವ ಊರಿನ ದೇವಸ್ಥಾನನೇ, ಗೋಪುರನೇ ಇಲ್ವಲ್ಲ?” ಅಂದರು. ಸಾಂಚಿ ಸ್ತೂಪ ಅಂದೆ. ಮನೆಗೆ ಬಂದ ಮೇಲೆ ಫೋನಿನಲ್ಲಿ ಫೋಟೋ ತೋರಿಸಿದೆ. ಬಾಗಿಲಿನ ಕೆತ್ತನೆ ದೊಡ್ಡದು ಮಾಡಿ ನೋಡಿದವರು ಅವತ್ತಿನಿಂದ ಬಿಡುತ್ತಿಲ್ಲ.

ಅಮ್ಮನಿಗೆ ಕೆತ್ತನೆ ಅಂದರೆ ಪ್ರಾಣ. ತಾತ, ಅಂದರೆ ಅಮ್ಮನ ಅಪ್ಪ, ಬೀಟೆ ಮರಕ್ಕೆ ದಂತ ಕೂರಿಸುವ ಕೆಲಸ ಮಾಡುತ್ತಿದ್ದರು. ನಮ್ಮ ಕಡೆ ಇನ್‌ಲೇ ಕೆಲಸ ಅಂತೀವಲ್ಲ, ಅದೇ. ದಂತ ನಿಂತ ಮೇಲೆ ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸುತ್ತಿದ್ದರು. ಅಮ್ಮನ ಮದುವೆಗೆ ಅಂತ ಮಾಡಿಕೊಟ್ಟ ಒಡವೆ ಪೆಟ್ಟಿಗೆ ಇನ್ನೂ ಬೀರುವಿನಲ್ಲಿದೆ. ಬೇಲೂರಿಗೋ ಸೋಮನಾಥಪುರಕ್ಕೋ ಹೋದರೆ ಅಮ್ಮ ಒಳಗಿಗಿಂತ ಹೊರಗಡೆ ಗೋಡೆ ಹತ್ತಿರವೇ ಜಾಸ್ತಿ ಹೊತ್ತು ನಿಲ್ಲುತ್ತಾರೆ.

ಹೋಗಿ ಬಂದ ಇಬ್ಬರು ಪರಿಚಯದವರನ್ನು ಕೇಳಿದೆ. “ಒಂದು ಗಂಟೆ ಸಾಕು, ಸುತ್ತು ಹೊಡೆದು ಫೋಟೋ ತೆಗೆದುಕೊಂಡು ಬಂದುಬಿಡಿ, ಒಳಗೆ ಏನೂ ಇಲ್ಲ” ಅಂದರು. ಎರಡು ದಿನ ರೈಲಿನಲ್ಲಿ ಕೂತು ಹೋಗಿ ಒಂದು ಗಂಟೆ ನೋಡಿ ಬರುವುದು ಅಂದರೆ ಮನಸ್ಸು ಒಪ್ಪುತ್ತಿಲ್ಲ. ಸರಿಯಾಗಿ ನೋಡಿದವರು ದಯವಿಟ್ಟು ಹೇಳಿ. ಎಷ್ಟು ದಿನ ಇಟ್ಟುಕೊಳ್ಳಲಿ? ಅಮ್ಮ ಹತ್ತಬೇಕಾಗುತ್ತಾ? ಒಳಗೆ ಏನೂ ಇಲ್ಲ ಅಂದರೆ ಏನು ಅರ್ಥ, ಮುಚ್ಚಿದ್ದಾರಾ?

ಸಕ್ಕರೆನಾಡು:

ಮೇಡಂ, ನಾನು ಮಂಡ್ಯದವನು. ಹೋದ ವರ್ಷ ನಾವು ಆರು ಜನ ಹೋಗಿದ್ದೆವು. ಒಂದು ಗಂಟೆ ಅನ್ನುವವರ ಮಾತು ಕೇಳಬೇಡಿ. ನಾವೂ ಅದೇ ತಪ್ಪು ಮಾಡಿದೆವು. ಭೋಪಾಲಿನಲ್ಲಿ ಒಬ್ಬರ ಕಾರು ಮಾಡಿಕೊಂಡು ಹೋದೆವು, ಅವರು ಒಂದೇ ದಿನದಲ್ಲಿ ಸಾಂಚಿ, ವಿದಿಶಾ, ಉದಯಗಿರಿ ಗುಹೆ, ಭೀಮ್‌ಬೆಟ್ಕಾ ಎಲ್ಲ ಮುಗಿಸುತ್ತೇನೆ ಅಂದರು. ಸಾಂಚಿಯಲ್ಲಿ ಮುಕ್ಕಾಲು ಗಂಟೆ ಆಗುವಷ್ಟರಲ್ಲಿ ಹಾರ್ನ್ ಹೊಡೆಯೋಕೆ ಶುರು. ನನಗೆ ಇವತ್ತಿಗೂ ಅದು ಹೊಟ್ಟೆಯಲ್ಲಿ ಉರಿಯುತ್ತೆ. ಸಾಂಚಿಯಲ್ಲೇ ಒಂದು ರಾತ್ರಿ ಉಳಿಯಿರಿ. ಮಧ್ಯಪ್ರದೇಶ ಪ್ರವಾಸೋದ್ಯಮದವರ ಹೋಟೆಲ್ ಅಲ್ಲೇ ಇದೆ. ಸಂಜೆ ಒಂದು ಸಲ, ಮಾರನೇ ದಿನ ಬೆಳಗ್ಗೆ ಬೇಗ ಇನ್ನೊಂದು ಸಲ ನೋಡಿ. ಬೆಳಕು ಓರೆಯಾಗಿ ಬಿದ್ದಾಗಲೇ ಕೆತ್ತನೆ ಎದ್ದು ಕಾಣುವುದು, ಮಧ್ಯಾಹ್ನ ಎಲ್ಲ ಚಪ್ಪಟೆ.

ಮಂಡಿ ನೋವಿನ ಚಿಂತೆ ಬೇಡ. ಗುಡ್ಡ ಸುಮಾರು 90 ಮೀಟರ್ ಎತ್ತರ, ಆದರೆ ಗಾಡಿ ಮೇಲೆ ತನಕ ಹೋಗುತ್ತೆ. ಮೇಲೆ ಹೋದ ಮೇಲೆ ದೊಡ್ಡ ಸ್ತೂಪದ ಸುತ್ತ ಜಾಸ್ತಿ ಏರಿಳಿತ ಇಲ್ಲ. 2ನೇ ಸ್ತೂಪ ಮಾತ್ರ ಇಳಿಜಾರಿನಲ್ಲಿ ಕೆಳಗಿದೆ, ಅದಕ್ಕೆ ಅಮ್ಮನನ್ನು ಇಳಿಸಬೇಡಿ. ಗುಡ್ಡದ ಕೆಳಗಡೆ ಮ್ಯೂಸಿಯಂ ಇದೆ, ಶುಕ್ರವಾರ ರಜೆ, ಆ ದಿನ ಹೋಗಬೇಡಿ. ರೈಲಿಗೆ ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಸುಲಭ, ಭೋಪಾಲಿನಲ್ಲಿ ಇಳಿಯಿರಿ. ಅಲ್ಲಿಂದ ಸಾಂಚಿ ಐವತ್ತು ಕಿಲೋಮೀಟರ್ ಒಳಗೆ.

ಒಂದು ವಿಷಯ ಹೇಳಲೇಬೇಕು. ದಕ್ಷಿಣ ಬಾಗಿಲಿನ ಪಕ್ಕ ಅಶೋಕನ ಕಂಬದ ಬುಡ ಇದೆ. ಎಲ್ಲರೂ ಅದನ್ನು ದಾಟಿಕೊಂಡು ಹೋಗುತ್ತಾರೆ. ಅದನ್ನು ಮುಟ್ಟುವಷ್ಟು ಹತ್ತಿರ ನಿಂತು ನೋಡಿ, ಮೇಲೆ ಕನ್ನಡಿ ತರಹ ಹೊಳಪು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಜಾಸ್ತಿ ಬಿಸಿಲು ಮಳೆ ತಿಂದ ಕಲ್ಲು ಅದು. ಅದರ ಮೇಲಿನ ಶಾಸನದಲ್ಲಿ ಸಂಘ ಒಡೆಯುವ ಭಿಕ್ಷು, ಭಿಕ್ಷುಣಿಗೆ ಬಿಳಿ ಬಟ್ಟೆ ಉಡಿಸಿ ಹೊರಗೆ ಹಾಕಬೇಕು ಅಂತ ಅಶೋಕ ಬರೆಸಿದ್ದಾನೆ. ಕಂಬದ ತಲೆ ಮೇಲಿದ್ದ ನಾಲ್ಕು ಸಿಂಹ ಕೆಳಗಡೆ ಮ್ಯೂಸಿಯಂನಲ್ಲಿದೆ. ಕಂಬ ಮುರಿದಿದ್ದು ಹೇಗೆ ಗೊತ್ತಾ? ಹಿಂದೆ ಅಲ್ಲಿನ ಜಮೀನ್ದಾರನೊಬ್ಬ ಕಬ್ಬಿನ ಗಾಣಕ್ಕೆ ಬೇಕು ಅಂತ ಒಡೆಸಿದನಂತೆ. ನಮ್ಮೂರಿನಲ್ಲಿ ಆಲೆಮನೆ ನೋಡುತ್ತಾ ಬೆಳೆದವನು ನಾನು. ಗಾಣ ತಿರುಗುವಾಗ ಸುತ್ತ ಬರುವ ಹಸಿ ಕಬ್ಬಿನ ವಾಸನೆ ಈಗಲೂ ಮೂಗಿನಲ್ಲಿದೆ. ಆ ಕಂಬದ ಬುಡದ ಮುಂದೆ ನಿಂತಾಗ ಸಂಕಟ ಆಯಿತು. ಗಾಣಕ್ಕೆ ಬೇಕಾದ ಕಲ್ಲು ಅಲ್ಲಿ ಬೇಕಾದಷ್ಟು ಇತ್ತು, ಇದೇ ಕಂಬ ಯಾಕೆ ಬೇಕಿತ್ತು ಅಂತ.

ಮೇಷ್ಟ್ರು, ಸರಸ್ವತಿಪುರಂ:

ತಾಯಿ, ನಿಮ್ಮ ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಸ್ತೂಪಕ್ಕೆ ಒಳಗೆ ಅನ್ನುವುದು ಇಲ್ಲ. ಮುಚ್ಚಿಲ್ಲ, ಕಟ್ಟಿರುವುದೇ ಗಟ್ಟಿಯಾಗಿ. ನಮಗೆ ಗರ್ಭಗುಡಿ, ನವರಂಗ, ಹೊಸಿಲು ಅಭ್ಯಾಸ. ಅಲ್ಲಿ ಹೋಗಿ ಬಾಗಿಲು ಹುಡುಕುತ್ತೇವೆ, ಸಿಗಲಿಲ್ಲ ಅಂದರೆ ಏನೂ ಇಲ್ಲ ಅಂತ ವಾಪಸ್ ಬರುತ್ತೇವೆ. ಮೂಲದಲ್ಲಿ ಸ್ತೂಪ ಅಂದರೆ ಅಸ್ಥಿಯ ಮೇಲೆ ಎಬ್ಬಿಸಿದ ಮಣ್ಣಿನ ದಿಬ್ಬ. ಅದನ್ನು ಪೂಜಿಸುವುದು ಸುತ್ತು ಬಂದು. ನಡೆಯುವುದೇ ಪೂಜೆ.

ಅಶೋಕನ ಕಾಲದ್ದು ಇಟ್ಟಿಗೆಯ ಸಣ್ಣ ದಿಬ್ಬ. ಅದು ಈಗ ಒಳಗಡೆ ಹೂತಿದೆ. ಸುಮಾರು ಒಂದು ನೂರು ವರ್ಷ ಆದ ಮೇಲೆ, ಶುಂಗರ ಕಾಲದಲ್ಲಿ, ಅದರ ಮೇಲೆ ಕಲ್ಲು ಹೊದಿಸಿ ಎರಡರಷ್ಟು ಅಗಲ ಮಾಡಿದರು. ಈಗ ಅಡ್ಡಳತೆ 36 ಮೀಟರ್‌ಗೂ ಜಾಸ್ತಿ, ಎತ್ತರ 16 ಮೀಟರ್‌ಗೂ ಜಾಸ್ತಿ. ಕೆಳಗಡೆ ಜಗಲಿಯಂತೆ ಇರುವುದು ಮೇಧಿ. ಅದರ ಮೇಲೆ ಬಿಸಿ ಮುದ್ದೆ ತಟ್ಟೆಗೆ ಇಟ್ಟ ಹಾಗೆ ದುಂಡಗೆ ಇರುವುದು ಅಂಡ. ಅಂಡದ ನೆತ್ತಿ ಚಪ್ಪಟೆ, ಅಲ್ಲಿ ಚೌಕದ ಸಣ್ಣ ಬೇಲಿ, ಅದು ಹರ್ಮಿಕ. ನಡುವೆ ಕಂಬ ನೆಟ್ಟು ಮೂರು ಕೊಡೆ. ರಾಜನಿಗೆ ಕೊಡೆ ಹಿಡಿಯುವುದಿಲ್ಲವೇ, ಆ ಗೌರವ ಇದು. ಜಗಲಿಗೆ ಹತ್ತಲು ದಕ್ಷಿಣದಲ್ಲಿ ಎರಡು ಕಡೆಯಿಂದ ಮೆಟ್ಟಿಲಿದೆ, ಮೇಲೊಂದು ಪ್ರದಕ್ಷಿಣೆ ದಾರಿ, ಕೆಳಗೊಂದು. ನಿಮ್ಮ ಅಮ್ಮನಿಗೆ ಕೆಳಗಿನದೇ ಸಾಕು, ಅದೇ ಒಳ್ಳೆಯದು ಕೂಡ, ಯಾಕೆ ಅಂದರೆ ನಾನು ಹೇಳಬೇಕು ಅಂತಿರುವುದು ಇರುವುದು ಅಲ್ಲೇ.

ಕೆಳಗೆ ಸುತ್ತ ಇರುವ ಕಲ್ಲಿನ ಬೇಲಿ ನೋಡಿ. ಅದರಲ್ಲಿ ಚಿತ್ರ ಕೆತ್ತನೆ ಇಲ್ಲ, ಬೋಳು. ಜನ ತೋರಣದ, ಅಂದರೆ ಕೆತ್ತನೆಯ ಬಾಗಿಲಿನ, ಫೋಟೋ ತೆಗೆದು ಇದಕ್ಕೆ ಬೆನ್ನು ಮಾಡಿ ನಿಲ್ಲುತ್ತಾರೆ. ಹತ್ತಿರ ಹೋಗಿ. ನಿಂತ ಕಂಬಕ್ಕೆ ತೂತು ಕೊರೆದು ಅಡ್ಡಪಟ್ಟಿಯ ತುದಿಯನ್ನು ಅದರೊಳಗೆ ಕೂರಿಸಿದ್ದಾರೆ, ಮೇಲೆ ಉದ್ದಕ್ಕೆ ಒಂದು ತೊಲೆ. ಇದು ಬಡಗಿ ಮರದಲ್ಲಿ ಮಾಡುವ ಕೆಲಸ, ಅಲ್ವಾ? ಕಲ್ಲಿಗೆ ಈ ತರಹ ಜೋಡಣೆ ಬೇಕಾಗಿಯೇ ಇರಲಿಲ್ಲ. ಮರದ ಬೇಲಿ ಕಟ್ಟಿ ಕೈ ಪಳಗಿದವರು ಕಲ್ಲು ಸಿಕ್ಕಾಗಲೂ ಅದೇ ಬೇಲಿ ಕಟ್ಟಿದರು. ನಿಮ್ಮ ತಾತನ ಮಗಳಿಗೆ ಈ ಜೋಡಣೆ ನಾನು ಹೇಳಿಕೊಡಬೇಕಾಗಿಲ್ಲ.

ಈಗ ಆ ಬೋಳು ಕಲ್ಲಿನ ಮೇಲೆ ಸಣ್ಣ ಸಣ್ಣ ಬರಹ ಹುಡುಕಿ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಒಂದೊಂದು ಕಲ್ಲನ್ನೂ ಒಬ್ಬೊಬ್ಬರು ಕೊಟ್ಟಿದ್ದಾರೆ. ಭಿಕ್ಷುಗಳು, ಭಿಕ್ಷುಣಿಯರು, ಸೆಟ್ಟಿಗಳು, ಬರವಣಿಗೆಯವರು, ನೇಯುವವರು, ಯಾರದೋ ತಾಯಿ, ಯಾರದೋ ಸೊಸೆ, ಕೆಲವು ಕಡೆ ಇಡೀ ಒಂದು ಊರು. ಉಜ್ಜಯಿನಿಯವರ ಹೆಸರು ತುಂಬಾ ಬರುತ್ತೆ. ಇಷ್ಟು ದೊಡ್ಡ ಕಟ್ಟಡ ಅಂದರೆ ಯಾರೋ ಒಬ್ಬ ಚಕ್ರವರ್ತಿ ಕಟ್ಟಿಸಿದ ಅಂತ ನಾವು ಓದಿಕೊಂಡು ಬರುತ್ತೇವೆ. ಅಲ್ಲಿ ನಿಂತರೆ ಬೇರೆಯೇ ಕಾಣುತ್ತೆ. ಒಬ್ಬಾಕೆ ಒಂದು ಅಡ್ಡಪಟ್ಟಿ ಕೊಟ್ಟಿದ್ದಾಳೆ, ಅದರ ಮೇಲೆ ಅವಳ ಹೆಸರಿದೆ, ಅವಳ ಬಗ್ಗೆ ಲೋಕಕ್ಕೆ ಉಳಿದಿರುವುದು ಅಷ್ಟೇ.

ಆ ಬರಹಗಳ ಕೊನೆಯಲ್ಲಿ ಎರಡೇ ಅಕ್ಷರ ಮತ್ತೆ ಮತ್ತೆ ಬರುತ್ತೆ. ಕೊನೆಯದು ಹೀಗಿರುತ್ತೆ: ಕೆಳಗೆ ಒಂದು ಅಡ್ಡಗೆರೆ, ಅದರ ನಡುವಿನಿಂದ ನೆಟ್ಟಗೆ ಮೇಲಕ್ಕೆ ಒಂದು ಗೆರೆ, ಪಕ್ಕದಲ್ಲಿ ಒಂದು ಚುಕ್ಕಿ. ಅದು ‘ನಂ’. ಅದರ ಹಿಂದಿನದು ‘ದಾ’. ದಾನಂ. ಕಲ್ಕತ್ತೆಯ ಟಂಕಸಾಲೆಯಲ್ಲಿದ್ದ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಸಾಂಚಿಯ ಈ ಬರಹಗಳ ನಕಲು ಮುಂದಿಟ್ಟುಕೊಂಡು, ಎಲ್ಲ ಒಂದೇ ಪದದಲ್ಲಿ ಮುಗಿಯುತ್ತಿದೆಯಲ್ಲ, ಇದು ದಾನ ಅಂತಲೇ ಇರಬೇಕು ಅಂತ ಊಹಿಸಿದ. ಬ್ರಾಹ್ಮಿಯ ಬೀಗ ತೆಗೆದದ್ದು ಆ ಊಹೆ. ಅದರಿಂದಲೇ ಅಶೋಕನ ಶಾಸನಗಳನ್ನು ಓದಲು ಆಯಿತು, ನಮ್ಮ ಚಿತ್ರದುರ್ಗದ ಬ್ರಹ್ಮಗಿರಿಯದನ್ನೂ. ನಮ್ಮ ಕನ್ನಡ ಅಕ್ಷರದ ಮುತ್ತಜ್ಜಿಯೂ ಬ್ರಾಹ್ಮಿಯೇ. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ನನಗೆ ಮೊದಲು ಕಲಿಸಿದ್ದೂ ಈ ಎರಡು ಅಕ್ಷರವನ್ನೇ. ಹೊರಡುವ ಮುಂಚೆ ಅಮ್ಮನಿಗೆ ಒಂದು ಹಾಳೆ ಮೇಲೆ ಬರೆದು ತೋರಿಸಿ. ಅಲ್ಲಿ ಅವರೇ ಓದಲಿ.

ಬೀಟೆಮರ:

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಕ್ಯಾಲೆಂಡರಿನ ಹಿಂದೆ ‘ನಂ’ ಬರೆದುಕೊಂಡು ಕೂತಿದ್ದಾರೆ. ಅವರದು ಒಂದು ಪ್ರಶ್ನೆ, ಅವರ ಮಾತಿನಲ್ಲೇ ಹಾಕುತ್ತೇನೆ: “ಒಳಗೆ ಇಲ್ಲ ಸರಿ. ಹೊರಗಡೆ ಕೆತ್ತನೆಯಲ್ಲಾದರೂ ಬುದ್ಧ ಎಲ್ಲಿದ್ದಾನೆ? ಫೋಟೋದಲ್ಲಿ ಆನೆ ಇದೆ, ಸಿಂಹ ಇದೆ, ಮರ ಇದೆ, ಜನ ಕೈ ಮುಗಿದಿದ್ದಾರೆ. ಯಾರಿಗೆ ಮುಗಿದಿದ್ದಾರೆ?”

ಕುಕ್ಕರಹಳ್ಳಿ ಏರಿ:

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ ಅಕ್ಕ. ಸರಿಯಾದ ಕಡೆ ಬೆರಳು ಇಟ್ಟಿದ್ದಾರೆ. ನಾನು ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಶಿಲ್ಪ ಓದಿದವಳು, ಸಾಂಚಿಗೆ ಹೋಗಿ ನಾಲ್ಕು ದಿನ ಕೂತು ಸ್ಕೆಚ್ ಮಾಡಿದ್ದೇನೆ.

ನಾಲ್ಕು ತೋರಣದಲ್ಲಿ ಎಲ್ಲಿಯೂ ಬುದ್ಧನ ಮುಖ ಇಲ್ಲ. ಅವನಿರುವ ಕಡೆ ಖಾಲಿ ಪೀಠ ಇರುತ್ತೆ, ಇಲ್ಲ ಅರಳಿ ಮರ, ಚಕ್ರ, ಇಲ್ಲ ಎರಡು ಹೆಜ್ಜೆ ಗುರುತು. ಜನ ಕೈ ಮುಗಿದಿರುವುದು ಆ ಖಾಲಿ ಜಾಗಕ್ಕೆ. ತೋರಣಗಳು ಕ್ರಿಸ್ತಪೂರ್ವ ಒಂದನೇ ಶತಮಾನದವು, ಆಗಿನ್ನೂ ಬುದ್ಧನನ್ನು ಮನುಷ್ಯನ ರೂಪದಲ್ಲಿ ಕೆತ್ತುವ ರೂಢಿ ಅಲ್ಲಿಗೆ ಬಂದಿರಲಿಲ್ಲ. ಸ್ತೂಪಕ್ಕೆ ಒರಗಿಸಿದಂತೆ, ಒಂದೊಂದು ಬಾಗಿಲಿಗೂ ಎದುರಾಗಿ ಕೂತಿರುವ ನಾಲ್ಕು ಬುದ್ಧನ ಮೂರ್ತಿ ನೋಡುತ್ತೀರಿ. ಅವು ಗುಪ್ತರ ಕಾಲದವು, ನಾನೂರೈವತ್ತು ವರ್ಷಕ್ಕೂ ಆಮೇಲಿನವು.

ಮೊದಲು ಪೂರ್ವದ ಬಾಗಿಲಿಗೆ ಹೋಗಿ, ಬೆಳಗಿನ ಹೊತ್ತು. ಮುಂಭಾಗದ ನಡುವಿನ ತೊಲೆಯನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಓದಿ. ಎಡಕ್ಕೆ ಕಪಿಲವಸ್ತು ಪಟ್ಟಣ. ಅದರ ಬಾಗಿಲಿನಿಂದ ಒಂದು ಕುದುರೆ ಹೊರಗೆ ಬರುತ್ತಿದೆ. ಮೇಲೆ ಕೊಡೆ ಹಿಡಿದಿದ್ದಾರೆ, ಬೆನ್ನ ಮೇಲೆ ಯಾರೂ ಇಲ್ಲ. ಸಿದ್ಧಾರ್ಥ ಮನೆ ಬಿಟ್ಟು ಹೊರಟ ರಾತ್ರಿ ಅದು. ಗೊರಸಿನ ಸದ್ದಿಗೆ ಊರು ಎಚ್ಚರ ಆಗಬಾರದು ಅಂತ ದೇವತೆಗಳು ಕುದುರೆಯ ಕಾಲನ್ನು ಕೈಯಲ್ಲಿ ಹಿಡಿದಿದ್ದಾರೆ. ಅದೇ ಕುದುರೆ ಮತ್ತೆ, ಮತ್ತೆ, ಮತ್ತೆ, ಪ್ರತಿ ಸಲ ಇನ್ನಷ್ಟು ಮುಂದೆ. ಬಲತುದಿಯಲ್ಲಿ ಕೊಡೆ ಕುದುರೆಯ ಮೇಲಿಲ್ಲ. ನೆಲದ ಮೇಲೆ ಎರಡು ದೊಡ್ಡ ಹೆಜ್ಜೆ, ಕೊಡೆ ಅವುಗಳ ಮೇಲೆ. ಅವನು ಇಳಿದುಬಿಟ್ಟಿದ್ದಾನೆ. ಕೆಳಗಡೆ ಕುದುರೆ ವಾಪಸ್ ತಿರುಗಿದೆ, ಈಗ ಅದಕ್ಕೆ ಕೊಡೆ ಇಲ್ಲ. ನಾನು ಅದನ್ನು ಬಿಡಿಸುವಾಗ ಪೆನ್ಸಿಲ್ ನಿಲ್ಲಿಸಿ ಸುಮ್ನೆ ಕೂತುಬಿಟ್ಟಿದ್ದೆ. ಮುಖ ಕೆತ್ತಿದ್ದರೆ ಇಷ್ಟು ಕಾಡುತ್ತಿರಲಿಲ್ಲ.

ಅದೇ ಬಾಗಿಲಿನ ಕಂಬದ ಪಕ್ಕ ಮಾವಿನ ಕೊಂಬೆ ಹಿಡಿದು ಜೋತಾಡುವ ಹೆಣ್ಣಿನ ಮೂರ್ತಿ ಎಲ್ಲ ಪುಸ್ತಕದಲ್ಲೂ ಬರುತ್ತೆ, ಅದನ್ನು ನಾನು ತೋರಿಸಬೇಕಾಗಿಲ್ಲ. ಉತ್ತರದ ಬಾಗಿಲು ಚೆನ್ನಾಗಿ ಉಳಿದಿದೆ. ಅಲ್ಲಿ ಒಂದು ಕಂಬದ ಮೇಲೆ ಕೋತಿಯೊಂದು ಜೇನಿನ ಬಟ್ಟಲನ್ನು ಖಾಲಿ ಪೀಠಕ್ಕೆ ಕೊಡುತ್ತಿದೆ, ಪಕ್ಕದಲ್ಲೇ ಅದೇ ಕೋತಿ ಖುಷಿಯಿಂದ ಎರಡೂ ಕೈ ಎತ್ತಿದೆ. ಪಶ್ಚಿಮದಲ್ಲಿ ತೊಲೆ ಹೊತ್ತಿರುವವರು ಡೊಳ್ಳು ಹೊಟ್ಟೆಯ ಕುಳ್ಳರು.

ದಕ್ಷಿಣದ ಬಾಗಿಲನ್ನು ಕೊನೆಗೆ ಇಟ್ಟುಕೊಳ್ಳಿ. ಬೇಕೆಂದೇ ಹೇಳುತ್ತಿದ್ದೇನೆ. ಅಲ್ಲಿ ಮೇಲಿನ ತೊಲೆಯಲ್ಲಿ ಒಂದು ಬರಹ ಇದೆ, ರಾಜ ಶ್ರೀ ಸಾತಕರ್ಣಿಯ ಕುಶಲಕರ್ಮಿಗಳ ಮುಖ್ಯಸ್ಥ, ವಾಸಿಷ್ಠಿಯ ಮಗ ಆನಂದ ಕೊಟ್ಟ ದಾನ ಅಂತ. ಅದೇ ಬಾಗಿಲಿನ ಕಂಬದ ಮೇಲೆ ಇನ್ನೊಂದು ಬರಹ ಇದೆ. ವಿದಿಶೆಯ ದಂತಕಾರರು ಈ ಕೆತ್ತನೆ ಮಾಡಿದರು ಅಂತ. ದಂತಕಾರರು, ಅಕ್ಕ. ಆನೆ ದಂತದ ಕೆಲಸದವರು. ವಿದಿಶೆ ಅಲ್ಲಿಂದ ಹತ್ತು ಕಿಲೋಮೀಟರ್. ನಿಮ್ಮ ಪೋಸ್ಟ್‌ನಲ್ಲಿ ತಾತನ ವಿಷಯ ಓದಿದಾಗಿನಿಂದ ಇದನ್ನು ಹೇಳಬೇಕು ಅಂತ ಕೈ ತುರಿಸುತ್ತಿತ್ತು. ಅಂಗೈ ಅಗಲದಲ್ಲಿ ಐದಾರು ಜನರ ಮುಖ, ಕಿವಿಯ ಓಲೆ, ಪೇಟದ ಗಂಟು ಎಲ್ಲ ಬಿಡಿಸುವ ಕೈ ಕಲ್ಲಿಗೆ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರ ಅಲ್ಲೇ ಬರೆದಿದೆ. ಹೊರಡುವ ಮುಂಚೆ ಅಮ್ಮನನ್ನು ಒಂದು ಸಲ ಅರಮನೆಗೆ ಕರೆದುಕೊಂಡು ಹೋಗಿ, ಅಂಬಾವಿಲಾಸದ ಬೀಟೆ ಬಾಗಿಲಿನ ದಂತದ ಕೆಲಸ ತೋರಿಸಿ. ಕಣ್ಣಿಗೆ ಅದು ಹೊಸದಾಗಿ ಇರಲಿ.

ಇನ್ನೊಂದು ಮಾತು. ಈ ದಕ್ಷಿಣ ತೋರಣ ಬಿದ್ದುಹೋಗಿತ್ತು. 1880ರ ದಶಕದ ದುರಸ್ತಿಯಲ್ಲಿ ಎತ್ತಿ ನಿಲ್ಲಿಸುವಾಗ ಮೇಲಿನ ಮತ್ತು ಕೆಳಗಿನ ತೊಲೆಯನ್ನು ಹಿಂದುಮುಂದು ಮಾಡಿ ಕೂರಿಸಿದ್ದಾರೆ. ಅದಕ್ಕೇ ಒಳಗಡೆಯಿಂದಲೂ ಒಂದು ಸಲ ನೋಡಿ, ಮುಂದೆ ಇರಬೇಕಾಗಿದ್ದದ್ದು ಹಿಂದೆ ಇದೆ.

ಭೀಮಾತೀರ:

ನಾನು ಕಲಬುರಗಿಯವನು, ಕೆಲಸಕ್ಕೆ ಮೈಸೂರಿಗೆ ಬಂದು ಹನ್ನೊಂದು ವರ್ಷ ಆಯಿತು. ಎಲ್ಲರೂ ಸಾಂಚಿ ಸಾಂಚಿ ಅಂತೀರಿ, ನಮ್ಮ ಸನ್ನತಿ ಯಾರ ಬಾಯಲ್ಲೂ ಬರಲಿಲ್ಲ. ಬೇಜಾರಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಬೀಟೆಮರ ಅವರೇ, ನೀವು ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಯಾದಗಿರಿ, ವಾಡಿ, ಕಲಬುರಗಿ ಮೇಲೇ ಹೋಗುತ್ತೆ. ಚಿತ್ತಾಪುರ ತಾಲೂಕು, ಭೀಮಾ ನದಿ ದಡ, ಸನ್ನತಿ. ಅಲ್ಲಿ ಚಂದ್ರಲಾ ಪರಮೇಶ್ವರಿ ಗುಡಿ ಇದೆ. 1986ರಲ್ಲಿ ಆ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ತೆರವು ಮಾಡುವಾಗ ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಕ್ಷರ ಕಂಡವು. ನೋಡಿದರೆ ಅಶೋಕನ ಶಾಸನ! ಅದರಲ್ಲಿ ಒಡಿಶಾದ ಧೌಲಿ, ಜೌಗಡ ಬಿಟ್ಟರೆ ಬೇರೆಲ್ಲೂ ಸಿಗದ ಎರಡು ಶಾಸನವೂ ಇವೆ.

ಅಲ್ಲಿಂದ ಸುಮಾರು ಮೂರು ಕಿಲೋಮೀಟರ್ ಕನಗನಹಳ್ಳಿ. ಅಲ್ಲಿ ಒಂದು ಮಹಾಸ್ತೂಪ ಮಣ್ಣಿನಿಂದ ಎದ್ದು ಬಂತು, ಪುರಾತತ್ವ ಇಲಾಖೆಯವರು 1990ರ ದಶಕದಲ್ಲಿ ಅಗೆದು ತೆಗೆದರು. ಶಾಸನದಲ್ಲೇ ಅದರ ಹೆಸರು ಇದೆ, ಅಧೋಲೋಕ ಮಹಾಚೈತ್ಯ. ಸಾಂಚಿಯಂತೆ ಎದ್ದು ನಿಂತಿಲ್ಲ, ಬಿದ್ದಿತ್ತು. ಆದರೆ ಅದರ ಮೈಗೆ ಹೊದಿಸಿದ್ದ ಸುಣ್ಣಕಲ್ಲಿನ ಚಪ್ಪಡಿಗಳ ಮೇಲಿನ ಕೆತ್ತನೆ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತೆ. ಸಾತವಾಹನ ರಾಜರ ಚಿತ್ರ ಹೆಸರು ಸಮೇತ ಇವೆ. ಒಂದು ಚಪ್ಪಡಿಯಲ್ಲಿ ರಾಜ, ರಾಣಿ, ಸುತ್ತ ಸೇವಕಿಯರು. ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಅಂತ ಬರೆದಿದೆ. ಮೇಷ್ಟ್ರು ಹೇಳಿದ ಆ ಶ್ರೀ ಸಾತಕರ್ಣಿಯ ವಂಶವೇ ನಮ್ಮ ಕಡೆಯೂ ಆಳಿದ್ದು. ಚಿಕ್ಕವನಿದ್ದಾಗ ಅಜ್ಜಿಯ ಜೊತೆ ಜಾತ್ರೆಗೆ ಅಂತ ಆ ಗುಡಿಗೆ ಹೋಗುತ್ತಿದ್ದೆ. ಕಾಲ ಕೆಳಗೆ ಏನಿದೆ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಸಕ್ಕರೆನಾಡು:

ಭೀಮಾತೀರ ಅವರೇ, ಶ್ರೀ ಸಾತಕರ್ಣಿಯ ವಿಷಯ ಹೇಳಿದ್ದು ಕುಕ್ಕರಹಳ್ಳಿಯ ಮೇಡಂ, ಇರಲಿ. ಸನ್ನತಿ ಬಗ್ಗೆ ನೀವು ಹೇಳಿದ್ದು ಪೂರ್ತಿ ಒಪ್ಪುತ್ತೇನೆ, ನಾನೂ ಹೋಗಬೇಕು. ಆದರೆ 68ರ ತಾಯಿಯನ್ನು ಬೆಳಗಿನ ಜಾವ ನಡುದಾರಿಯಲ್ಲಿ ಇಳಿಸಿ, ಗಾಡಿ ಹುಡುಕಿ, ಮತ್ತೆ ರೈಲು ಹತ್ತಿಸುವುದು ಬೇಡ ಅಂತ ನನ್ನ ಅಭಿಪ್ರಾಯ. ಅದನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ ಮೇಡಂ, ಚಳಿಗಾಲದಲ್ಲಿ. ಕಲಬುರಗಿಯಲ್ಲಿ ರೂಮು ಮಾಡಿ ಆರಾಮಾಗಿ.

ಭೀಮಾತೀರ:

ಅದು ಸರಿ. ಬರುವುದಾದರೆ ಡಿಸೆಂಬರ್, ಜನವರಿ. ಬೇಸಿಗೆಯಲ್ಲಿ ನಮ್ಮ ಊರಿನ ಬಿಸಿಲಿಗೆ ತಾಯಿಯವರನ್ನು ತರಬೇಡಿ.

ಹುಣಸೂರು ರಸ್ತೆ:

ಇನ್ನೊಂದು ಸಣ್ಣ ಸಲಹೆ. ಸಾಂಚಿಗೆ ಹೋಗುವ ಮುಂಚೆ ಒಂದು ಭಾನುವಾರ ಬೈಲುಕುಪ್ಪೆಗೆ ಹೋಗಿ ಬನ್ನಿ. ಗೋಲ್ಡನ್ ಟೆಂಪಲ್ ನೋಡಿ ವಾಪಸ್ ಬರಬೇಡಿ, ಅಲ್ಲಿರುವ ಬಿಳಿ ಸ್ತೂಪಗಳನ್ನು ನೋಡಿ. ಟಿಬೆಟಿನವರು ಚೋರ್ಟೆನ್ ಅಂತಾರೆ. ಆಕಾರ ಬೇರೆ, ಎತ್ತರಕ್ಕೆ ಸಪೂರ, ಆದರೆ ಜಗಲಿ, ದುಂಡು ಹೊಟ್ಟೆ, ಅದರ ಮೇಲೆ ಚೌಕ, ಮೇಲೆ ಕೊಡೆಗಳ ಸಾಲು, ಎಲ್ಲ ಅದೇ ಕ್ರಮ. ಸಂಜೆ ಹೊತ್ತು ವಯಸ್ಸಾದ ಅಜ್ಜಿಯರು ಜಪಮಣಿ ತಿರುಗಿಸುತ್ತಾ ಸುತ್ತು ಹಾಕುತ್ತಿರುತ್ತಾರೆ, ಬಲಕ್ಕೆ ಸ್ತೂಪ ಇಟ್ಟುಕೊಂಡು. ನಿಮ್ಮ ಅಮ್ಮ ಅವರ ಹಿಂದೆ ಎರಡು ಸುತ್ತು ಹಾಕಲಿ. ಸಾಂಚಿಯಲ್ಲಿ ಈಗ ಹೆಚ್ಚಿಗೆ ಪ್ರವಾಸಿಗಳು. ಆ ಕಟ್ಟಡ ಯಾಕೆ ಹಾಗಿದೆ ಅನ್ನುವುದು ನಡೆಯುವವರನ್ನು ನೋಡಿದರೆ ಬೇಗ ಗೊತ್ತಾಗುತ್ತೆ.

ಬೀಟೆಮರ:

ಹೋಗಿ ಬಂದೆವು. ಐದು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ.

ಬೈಲುಕುಪ್ಪೆಗೂ ಹೋದೆವು, ಅರಮನೆಗೂ ಹೋದೆವು. ಸಾಂಚಿಯಲ್ಲಿ ಎರಡು ರಾತ್ರಿ ಇದ್ದೆವು. ಗಾಡಿ ಮೇಲೆ ತನಕ ಹೋಯಿತು, ಅಮ್ಮನಿಗೆ ತೊಂದರೆ ಆಗಲಿಲ್ಲ. ಮೊದಲ ಸಂಜೆ ಅಮ್ಮ ಕೆತ್ತನೆ ಕಡೆ ನೋಡಲೇ ಇಲ್ಲ. ಬೇಲಿ ಒಳಗೆ ಹೋಗಿ ಮೂರು ಸುತ್ತು ಹಾಕಿದರು. ಬೇಲಿಯೊಳಗೆ ಹೋದರೆ ಹೊರಗಿನ ಬಯಲು ಅಡ್ಡಪಟ್ಟಿಗಳ ಸಂದಿಯಲ್ಲಿ ಚೂರು ಚೂರು ಕಾಣುತ್ತೆ, ಒಂದು ಕಡೆ ಬೇಲಿ, ಇನ್ನೊಂದು ಕಡೆ ಸ್ತೂಪದ ಗೋಡೆ, ಮಧ್ಯೆ ನಡೆಯುವವರು ಮಾತ್ರ. ಮಾತು ತಾನಾಗಿ ಕಡಿಮೆ ಆಗುತ್ತೆ. ಎರಡನೇ ಸುತ್ತಿನಲ್ಲಿ ಅಮ್ಮ ಒಂದು ಕಂಬದ ಹತ್ತಿರ ನಿಂತು ಕನ್ನಡಕ ಸರಿ ಮಾಡಿಕೊಂಡರು. “ಅಡ್ಡಗೆರೆ, ನಿಂತ ಗೆರೆ, ಚುಕ್ಕಿ. ನೋಡು, ನಂ.” ಆಮೇಲೆ ನಿಲ್ಲಿಸುವುದಕ್ಕೆ ಆಗಲಿಲ್ಲ. ಹದಿನಾಲ್ಕು ಸಿಕ್ಕಿದವು ಅವತ್ತು. ಮೇಷ್ಟ್ರೇ, ಅವರು ಆ ಕ್ಯಾಲೆಂಡರ್ ಹಾಳೆ ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡು ಬಂದಿದ್ದರು.

ಕುದುರೆ ನೋಡಿದೆವು. ವಾಪಸ್ ತಿರುಗಿದ ಕುದುರೆ ತೋರಿಸಿದಾಗ ಅಮ್ಮ, “ಪಾಪ, ಅದಕ್ಕೆ ದಾರಿ ಗೊತ್ತಿತ್ತೋ ಇಲ್ವೋ” ಅಂದರು. ಕೋತಿ ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು.

ದಕ್ಷಿಣದ ಬಾಗಿಲನ್ನು ಮಾರನೇ ದಿನಕ್ಕೆ ಇಟ್ಟುಕೊಂಡೆವು. ದಂತಕಾರರ ಬರಹ ಇರುವ ಕಂಬ ಯಾವುದು ಅಂತ ಅಲ್ಲಿನ ಕಾವಲುಗಾರರೇ ತೋರಿಸಿದರು. ನಾನು ಅರ್ಥ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ. ಕಲ್ಲಿಗೆ ಒಂದು ಗೇಣು ದೂರದಲ್ಲಿ ಮುಖ ಇಟ್ಟುಕೊಂಡು ಒಂದೊಂದೇ ಚೌಕ ನೋಡುತ್ತಾ ಹೋದರು. ಬಲಗೈ ತೋರುಬೆರಳು ಗಾಳಿಯಲ್ಲೇ ಆ ಗೆರೆಗಳ ಹಿಂದೆ ಹೋಗುತ್ತಿತ್ತು, ಮುಟ್ಟದೆ. ಎಷ್ಟೋ ಹೊತ್ತಾದ ಮೇಲೆ ನನ್ನನ್ನು ಕರೆದು, “ಇಲ್ಲಿ ನೋಡೇ. ಕಲ್ಲಿನವರಾಗಿದ್ದರೆ ಇಷ್ಟು ಜಾಗ ಬಿಡುತ್ತಿದ್ದರು. ಇವರಿಗೆ ಜಾಗ ಬಿಡೋಕೆ ಮನಸ್ಸಿಲ್ಲ. ದಂತ ಹಾಳು ಮಾಡಬಾರದು ಅಂತ ಅಭ್ಯಾಸ ಆಗಿರುತ್ತೆ. ಅಪ್ಪನೂ ಹಾಗೇ, ಉಗುರಿನಷ್ಟು ಚೂರು ಉಳಿದರೂ ಅದರಲ್ಲಿ ಒಂದು ಎಲೆ ಮಾಡುತ್ತಿದ್ದರು” ಅಂದರು. ಆಮೇಲೆ ಅಶೋಕನ ಕಂಬದ ಬುಡದ ಪಕ್ಕ ಹೋಗಿ ನೆರಳಲ್ಲಿ ಕೂತರು. ಅರ್ಧ ಗಂಟೆ ಕೂತಿದ್ದರು.

ಸನ್ನತಿಗೆ ಜನವರಿಯಲ್ಲಿ ಹೊರಡುತ್ತೇವೆ, ಭೀಮಾತೀರ ಅವರೇ. ಅಮ್ಮನೇ ಕೇಳಿದರು. ‘ರಾಯೋ ಅಸೋಕೋ’ ಬರೆದುಕೊಡಿ ಅಂತ ಮೇಷ್ಟ್ರಿಗೆ ಹೇಳು ಅಂತಿದ್ದಾರೆ.

ಮನೆಗೆ ಬಂದ ದಿನ ಕೈಕಾಲು ತೊಳೆದು ಕಾಫಿ ಕುಡಿದ ಮೇಲೆ ಅಮ್ಮ ಬೀರುವಿನಿಂದ ತಾತನ ಪೆಟ್ಟಿಗೆ ತೆಗೆದರು. ಒಡವೆಯೆಲ್ಲ ಹಾಸಿಗೆ ಮೇಲೆ ಸುರಿದು, ಪೆಟ್ಟಿಗೆ ಮಗುಚಿ ಕಿಟಕಿ ಬೆಳಕಿಗೆ ಹಿಡಿದರು. ಅಡಿಯಲ್ಲಿ ಹೆಸರು ಇಲ್ಲ. ಪೆನ್ಸಿಲಿನಲ್ಲಿ, ಕನ್ನಡ ಅಂಕಿಯಲ್ಲಿ, ಎರಡು ಅಳತೆ ಬರೆದಿದ್ದಾರೆ. ಒಂದನ್ನು ಹೊಡೆದು ಹಾಕಿ ಪಕ್ಕದಲ್ಲಿ ತಿದ್ದಿದ್ದಾರೆ.